ನಮ್ಮ ಬಡತನ ನೋಡಲು ಬಂದವರು

ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತು, ಆದರೆ ಕಾಲೇಜು ಈ ಪರದೇಶದ ಇನ್ನೊಂದು ತುದಿಯಲ್ಲಿ, ಸಮುದ್ರದಾಚೆಯ ದಕ್ಷಿಣ ದ್ವೀಪದಲ್ಲಿ. ಉತ್ತರ ದ್ವೀಪದ ಪಾಪಟೋಯ್‌ಟೋಯ್ ಎಂಬ ಬಡಾವಣೆಯ ಬಾಡಿಗೆ ಮನೆಯಲ್ಲಿದ್ದ ನಮಗೆ ಅಲ್ಲಿಯ ಹಾಸ್ಟೆಲ್ ಖರ್ಚು ಹೊರುವ ಶಕ್ತಿ ಇರಲಿಲ್ಲ. ಯಜಮಾನರಿಗೆ ಬೆನ್ನುನೋವು ಬಂದು ಏರ್‌ಪೋರ್ಟಿನ ಲಗೇಜ್ ಕೆಲಸ ಹೋಗಿತ್ತು. ನಾನು ವೃದ್ಧಾಶ್ರಮದಲ್ಲಿ ಅಜ್ಜಿಯರಿಗೆ ಸ್ನಾನ ಮಾಡಿಸುತ್ತಿದ್ದೆ. ಕಷ್ಟದಲ್ಲಿರುವ ಮಕ್ಕಳಿಗೆ ಹಾಸ್ಟೆಲ್ ಕೊಡಿಸುವ ಟ್ರಸ್ಟೊಂದಕ್ಕೆ ಮಗಳು ಅರ್ಜಿ ಹಾಕಿದ್ದಳು. ಅದು ಸಿಗದಿದ್ದರೆ ಸೀಟು ಬಿಟ್ಟಂತೆಯೇ. ಶನಿವಾರ ನಮ್ಮ ಪರಿಸ್ಥಿತಿ ನೋಡಲು ಒಬ್ಬರು ಮನೆಗೆ ಬರುತ್ತಾರೆ ಎಂದು ಪತ್ರ ಬಂತು.

ಮನೆಗೆ ಬರುತ್ತಾರೆ! ನನ್ನನ್ನು ನೋಡಲು ಗಂಡಿನವರು ಬಂದಾಗ ನಮ್ಮಮ್ಮ ಎದುರುಮನೆಯಿಂದ ಬೆಳ್ಳಿ ಲೋಟ ತಂದಿಟ್ಟಿದ್ದವಳು. ನಾನು ಅವಳ ಮಗಳು ತಾನೇ? ಪಕ್ಕದ ಮನೆಯ ಹುಬ್ಬಳ್ಳಿ ಅಂಕಲ್ ಹತ್ತಿರ ಸೋಫಾ ತಂದೆ, ಗೋಡೆಯಗಲದ ಟೀವಿಯನ್ನೂ ತಂದೆ. ಅವರ ಹೆಂಡತಿಯ ಕಾಸಿನ ಸರ ಹಾಕಿಕೊಂಡು ಮದುವೆಯ ರೇಷ್ಮೆ ಸೀರೆ ಉಟ್ಟೆ. ತುಪ್ಪ ಸುರಿದು ಹೋಳಿಗೆ ಮಾಡಿದೆ. ಮಗಳು ಸೂಪರ್‌ಮಾರ್ಕೆಟ್ಟಿನ ಕೆಲಸಕ್ಕೆ ಹೋಗಿದ್ದಳು, ಇದ್ದಿದ್ದರೆ ಖಂಡಿತ ಬಿಡುತ್ತಿರಲಿಲ್ಲ.

ಬಂದ ಹೆಂಗಸು ಕಣ್ಣರಳಿಸಿ, "ಎಷ್ಟು ಚೆನ್ನಾಗಿದೆ ನಿಮ್ಮ ಮನೆ!" ಎಂದರು. ನಾನು ಉಬ್ಬಿಹೋದೆ. ಊಟಕ್ಕೆ, ಬಾಡಿಗೆಗೆ ತೊಂದರೆಯಿದೆಯೇ ಎಂದು ಕೇಳಿದರು. ಮನೆಗೆ ಬಂದವರ ಮುಂದೆ ಇಲ್ಲ ಅನ್ನುವುದುಂಟೇ? ದೇವರು ಚೆನ್ನಾಗಿಟ್ಟಿದ್ದಾನೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿ, ಇನ್ನೊಂದು ಹೋಳಿಗೆ ಬಡಿಸಿದೆ. ಅವರು ಅದನ್ನು ಬರೆದುಕೊಂಡರು.

ಅಷ್ಟರಲ್ಲಿ ಹುಬ್ಬಳ್ಳಿ ಅಂಕಲ್ ಚಡ್ಡಿಯಲ್ಲೇ ಒಳಗೆ ಬಂದರು. "ಅಲ್ಲವ್ವಾ ತಂಗಿ, ಮ್ಯಾಚ್ ಚಾಲೂ ಆತು. ಟೀವಿ ನೀ ಒಯ್ದಿ, ನಾ ಏನ್ ಗ್ವಾಡಿ ನೋಡ್ಕೋತ ಕುಂದ್ರಲಿ?" ಎನ್ನುತ್ತಾ ತಮ್ಮ ಸೋಫಾದಲ್ಲಿ ಕಾಲು ಚಾಚಿ ರಿಮೋಟ್ ಒತ್ತಿದರು. ಇವರು ಯಾರೆಂದು ಆ ಹೆಂಗಸು ಕೇಳಿದ್ದೇ ತಡ, ನಮ್ಮ ಯಜಮಾನರು, "ನಮ್ಮಣ್ಣ, ಒಟ್ಟಿಗೇ ಇದ್ದೇವೆ. ಎರಡು ಟ್ಯಾಕ್ಸಿ ಓಡಿಸ್ತಾನೆ" ಎಂದುಬಿಟ್ಟರು. ಆ ಎರಡು ಟ್ಯಾಕ್ಸಿಗಳೂ ಫೈಲಿಗೆ ಹೋದವು.

ಮಗಳು ಕೆಲಸ ಮುಗಿಸಿ ಬರುವ ಹೊತ್ತಿಗೆ ಆ ಹೆಂಗಸು ಫೈಲು ಮುಚ್ಚಿ, ನಿಜವಾಗಿ ಅಗತ್ಯವಿರುವ ಮಕ್ಕಳು ಬೇರೆ ಇದ್ದಾರೆ, ಬೇಸರ ಮಾಡಿಕೊಳ್ಳಬೇಡಿ ಎನ್ನುತ್ತಿದ್ದರು. ಮಗಳು ಸೋಫಾ ನೋಡಿದಳು, ನನ್ನ ಕೊರಳು ನೋಡಿದಳು. ಮಾತು ಬಂದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು ಅಂದು ಕನ್ನಡದಲ್ಲಿ, "ಅಮ್ಮಾ, ನಮ್ ಹತ್ರ ಏನೂ ಇಲ್ಲ ಅಂತ ಹೇಳಮ್ಮಾ" ಎಂದಳು.

ಎಲ್ಲ ಹೇಳಿದೆ. ಸೋಫಾ ಯಾರದ್ದು, ಸರ ಯಾರದ್ದು, ಮಗಳು ಅಡುಗೆಮನೆಯ ನೆಲದ ಮೇಲೆ ಕೂತು ಓದಿದ್ದು, ಎಲ್ಲ. "ನಾವು ಬಡವರು" ಎಂದೆ. ಗಂಡನ ಮುಂದೆಯೂ ಆ ಮಾತು ಆಡಿದವಳಲ್ಲ ನಾನು. ಯಜಮಾನರು ಎದ್ದು ಹಿತ್ತಲಿಗೆ ಹೋದರು. ಅಂಕಲ್ ಟೀವಿ ಆರಿಸಿದರು. ಆ ಹೆಂಗಸು ಹೊಸ ಹಾಳೆ ತೆಗೆದು ಮೊದಲಿನಿಂದ ಬರೆಯತೊಡಗಿದರು.

ಹಾಸ್ಟೆಲ್ ಸಿಕ್ಕಿತು. ವಿಮಾನ ಹತ್ತಿಸಲು ಹೋದಾಗ ಮಗಳನ್ನು ತಬ್ಬಿಕೊಂಡು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, "ಅಲ್ಲಿ ಯಾರಾದ್ರೂ ಕೇಳಿದ್ರೆ, ಮನೇಲಿ ಎಲ್ಲಾ ಅನುಕೂಲವಾಗಿದ್ದಾರೆ ಅನ್ನು, ಆಯ್ತಾ?" ಎಂದು ಹೇಳಿಯೇ ಕಳಿಸಿದೆ.