ಎದುರುಮನೆಯವರ ಬ್ಯಾಟರಿ

ನಾಶಿಕ್‌ನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಬ್ಯಾಂಕ್ ಮ್ಯಾನೇಜರರು ಕಲಬುರಗಿಯವರು. ಅವರು ಡ್ರೋನ್ ಕೊಂಡದ್ದು ಹಾರಿಸಲಿಕ್ಕೆ ಎಂದು ನಾವೆಲ್ಲ ತಿಳಿದಿದ್ದೆವು. ಆದರೆ ಅವರ ಪ್ರೀತಿಯೆಲ್ಲ ಅದರ ಬ್ಯಾಟರಿಯ ಮೇಲಿತ್ತು.

"ಪೂರಾ ತುಂಬಿಸಿ ಇಡಬಾರದ್ರಿ, ಉಬ್ತದ. ಪೂರಾ ಖಾಲಿ ಮಾಡಿದ್ರ ಸಾಯ್ತದ. ಸುಮ್ನ ಇಡೋದಿದ್ರ ಅರ್ಧಕ್ಕ, ಅಂದ್ರ ಸೆಲ್ಲಿಗೆ ಮೂರು ಪಾಯಿಂಟ್ ಎಂಟು ವೋಲ್ಟಿಗೆ ನಿಲ್ಲಿಸ್ರಿ" ಎಂದು ಚಹಾಕ್ಕೆ ಬಂದವರಿಗೂ ಹೇಳುತ್ತಿದ್ದರು. ಹೇಳುತ್ತಲೇ, ಕೂಸಿನ ಹೊಟ್ಟೆ ಮುಟ್ಟಿ ನೋಡುವಂತೆ ಬ್ಯಾಟರಿಯ ಬೆನ್ನನ್ನು ಮೆಲ್ಲಗೆ ಒತ್ತುತ್ತಿದ್ದರು.

ನನ್ನ ಮಗಳ ಮದುವೆ ದಿಂಡೋರಿಯ ದ್ರಾಕ್ಷಿತೋಟವೊಂದರಲ್ಲಿ ನಡೆಯಿತು. ವರನ ಮೆರವಣಿಗೆಯನ್ನು ಮೇಲಿನಿಂದ ಚಿತ್ರಿಸುವ ಹೊಣೆ ಅವರದು. ಬ್ಯಾಟರಿ ಪೂರ್ತಿ ತುಂಬಿಸಿಕೊಂಡೇ ಬಂದಿದ್ದರು. ಆದರೆ ವೈಜಾಪುರದಿಂದ ಬರಬೇಕಿದ್ದ ಬೀಗರ ಬಸ್ಸು ಮಧ್ಯಾಹ್ನವಾದರೂ ಬರಲಿಲ್ಲ. ತುಂಬಿದ ಬ್ಯಾಟರಿ ಸುಮ್ಮನೆ ಕೂತಿರುವುದನ್ನು ಅವರಿಂದ ನೋಡಲಾಗಲಿಲ್ಲ. ತುಂಬಿಸುವುದರ ಜೊತೆಗೆ ಖಾಲಿಯನ್ನೂ ಮಾಡಬಲ್ಲ ತಮ್ಮ ಚಾರ್ಜರಿಗೆ ಹಚ್ಚಿ, ತುಂಬಿದ್ದನ್ನು ಅರ್ಧಕ್ಕೆ ಇಳಿಸಿಟ್ಟರು.

ಆಮೇಲೆ ಬಸ್ಸು ಬಂತು; ಮತ್ತೆ ತುಂಬಿಸಲು ಹೊತ್ತಿರಲಿಲ್ಲ, ಅರ್ಧ ಬ್ಯಾಟರಿಯಲ್ಲೇ ಡ್ರೋನೂ ಏರಿತು. ಬೀಗರು ಪೇಟ ಸುತ್ತಿಕೊಳ್ಳುವುದನ್ನೆಲ್ಲ ಸಾವಧಾನವಾಗಿ ಚಿತ್ರಿಸಿ, ಮದುಮಗ ಕುದುರೆ ಹತ್ತುವ ಹೊತ್ತಿಗೆ ಪೀಂ ಪೀಂ ಎನ್ನುತ್ತ ಇಳಿದುಬಿಟ್ಟಿತು.

ನಾನು ಮ್ಯಾನೇಜರರ ಮುಖ ನೋಡಿದೆ. ಅವರು ಬ್ಯಾಟರಿ ಬಿಚ್ಚಿ, ಬೆನ್ನು ಒತ್ತಿ ನೋಡಿ, ನನಗೇ ಸಮಾಧಾನ ಹೇಳಿದರು: "ಚಿಂತಿ ಮಾಡಬ್ಯಾಡ್ರಿ. ಏನೂ ಉಬ್ಬಿಲ್ಲ."