ಕುಂಬಳಕಾಯಿಯ ಮೇಲಿನ ‘ಸೋತ್ರ’

ಆ ಕುಂಬಳಕಾಯಿ ನಾನು ಬೆಳೆದದ್ದಲ್ಲ. ಮೂರು ವರ್ಷದ ಹಿಂದೆ ಸುಗ್ಗಿ ಹಬ್ಬದ ದಿನ ಲಗ್ಗೆರೆಯ ನಮ್ಮ ಚರ್ಚ್ ಸಭೆಯ ಮುಂದೆ ನಿಂತು, ದೇವರು ಕಬ್ಬಿಣದ ಮಧ್ಯೆಯೂ ಬೆಳೆಸುತ್ತಾನೆ ಅಂತ ಸಾಕ್ಷಿ ಹೇಳಿದೆನಲ್ಲ — ನಿಮ್ಮಲ್ಲಿ ಕೆಲವರು ಕಣ್ಣು ಕೂಡ ಒರೆಸಿಕೊಂಡಿರಿ — ಆ ಕಾಯಿ ಕದ್ದದ್ದು. ರೂತಮ್ಮಕ್ಕನದು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಪೀಣ್ಯದಲ್ಲಿ ನಾನು ಲೇತ್ ಓಡಿಸುವ ಶೆಡ್ಡಿನಲ್ಲೇ ರೂತಮ್ಮಕ್ಕ ಕಸ ಗುಡಿಸಿ ಟೀ ಕೊಡುತ್ತಾರೆ. ಭಾನುವಾರ ನಮ್ಮ ಸಭೆಯ ಕೊನೇ ಬೆಂಚು. ಶೆಡ್ಡಿನ ಹಿಂದೆ ಕತ್ತರಿಸಿದ ಆಯಿಲ್ ಡ್ರಮ್ಮಿಗೆ ಮಣ್ಣು ತುಂಬಿ ಬೀಜ ಹಾಕಿದ್ದರು. ಬಳ್ಳಿ ಕಾಂಪೌಂಡ್ ಹತ್ತಿತು. ಗಿಡ, ಹಕ್ಕಿ, ಹುಳ ಅಂತ ಫೋನಿನಲ್ಲೇ ಓದಿ ಕಲಿತ ಹುಚ್ಚು ನನ್ನದು, ನಿಮಗೆ ಗೊತ್ತು. ಆಸರೆ ಹಿಡಿಯಲು ಆ ಬಳ್ಳಿ ಚಾಚುವ ದಾರದಂಥ ಕುಡಿ ನೋಡಬೇಕಿತ್ತು ನೀವು! ಅರ್ಧ ದೂರ ಬಲಕ್ಕೆ ಸುತ್ತಿ, ನಡುವೆ ತಿರುಗಿ, ಉಳಿದರ್ಧ ಎಡಕ್ಕೆ ಸುತ್ತುತ್ತದೆ. ನನ್ನ ಲೇತಿನಿಂದ ಉದುರುವ ಉಕ್ಕಿನ ಸುರುಳಿಗೆ ಆ ಬುದ್ಧಿ ಇಲ್ಲ. ಸೃಷ್ಟಿಕರ್ತನ ಕೈಕೆಲಸ ಅಂದರೆ ಅದು — ಈ ಮಾತನ್ನು ಮಾತ್ರ ಇವತ್ತೂ ಹಿಂತೆಗೆದುಕೊಳ್ಳುವುದಿಲ್ಲ.

ಹೂ ಬಿಟ್ಟರೂ ಕಾಯಿ ಕಚ್ಚಲಿಲ್ಲ. ಅಲ್ಲಿಗೆ ಜೇನು ಬರುತ್ತಿರಲಿಲ್ಲ. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ ಅಂದೆ. ಅಕ್ಕ ನಕ್ಕರು.

“ಅಯ್ಯೋ, ಈ ವಯಸ್ನಲ್ಲಿ ನನ್ನ ಜೇನುಹುಳ ಮಾಡ್ಬಿಟ್ಯಲ್ಲೋ!”

ಆದರೂ ದಿನಾ ಬೆಳಿಗ್ಗೆ ಪೊರಕೆ ಹಿಡಿಯುವ ಮೊದಲು ಹೂ ಮುಟ್ಟಿಸಿದರು. ಒಂದೇ ಒಂದು ಕಾಯಿ ನಿಂತಿತು. “ಹಬ್ಬದ್ ದಿನ ಬೆಳಿಗ್ಗೆ ಕೊಯ್ತೀನಿ ಕಣೋ. ದೇವ್ರಿಗೆ ನಂದೂ ಅಂತ ಒಂದು.”

ಹಬ್ಬಕ್ಕೆ ದೇವರ ಪಾಲಿನ ಪ್ರಥಮ ಫಲ ಅಂತ ನಾವೆಲ್ಲ ತರುವುದು ಮಾರ್ಕೆಟ್ಟಿನದೇ. ಬಾಡಿಗೆ ಮನೆಯಲ್ಲಿ ಇನ್ನೇನು ಬೆಳೆಯುತ್ತೀರಿ? ಕೈಯಾರೆ ಬೆಳೆದು ತಂದವರು ಮಾತ್ರ ಮುಂದೆ ನಿಂತು ಸಾಕ್ಷಿ ಹೇಳಬಹುದು. ನನ್ನ ಹತ್ತಿರ ಮಾತಿತ್ತು, ಕಾಯಿ ಇರಲಿಲ್ಲ. ಶನಿವಾರ ಶಿಫ್ಟ್ ಮುಗಿದ ಮೇಲೆ ಕೊಯ್ದುಬಿಟ್ಟೆ. ಅಕ್ಕನಿಗೆ ಹೊರಲು ಕಷ್ಟ, ಅದಕ್ಕೇ — ಹಾಗಂತ ಹೇಳಬಹುದು. ಸುಳ್ಳು.

ಸಾಕ್ಷಿ ಮುಗಿದಾಗ ಪಾಸ್ಟರ್ ಕಾಯಿ ಎತ್ತಿ ತಿರುಗಿಸಿದರು. ಬಳ್ಳಿಯಲ್ಲಿದ್ದಾಗ ಕಾಂಪೌಂಡ್ ಗೋಡೆಗೆ ಒರಗಿದ್ದ ಮಗ್ಗುಲಿನಲ್ಲಿ ಅಕ್ಷರಗಳು! ಎಳೆಗಾಯಿಗೆ ಪಿನ್ನಿನಲ್ಲಿ ಗೀರಿದ್ದು, ಕಾಯಿಯ ಜೊತೆಗೇ ಬೆಳೆದಿತ್ತು. ಕತ್ತಲಲ್ಲಿ ಕೊಯ್ದು ಚೀಲಕ್ಕೆ ಹಾಕಿದ್ದ ನಾನು ನೋಡಿರಲೇ ಇಲ್ಲ.

“ಸೋತ್ರ,” ಅಂತ ಓದಿದರು. “ಸ್ತೋತ್ರ ಅಂತ ಬರ್ಯೋಕೆ ಹೋಗಿ... ಯಾರಪ್ಪಾ ಬರ್ದಿದ್ದು?”

“ನಾನೇ.”

ಎರಡಕ್ಷರ. ನಾಲಿಗೆ ತಡವರಿಸಲೂ ಇಲ್ಲ.

“ಸೋತ್ರಾ? ಯಾರ್ ಸೋತಿದ್ದು ಗುರು?” ಹಿಂದಿನಿಂದ ಗೆಳೆಯನೊಬ್ಬ ಕೂಗಿದ. “ಒತ್ತಕ್ಷರ ಕಲಿ ಮಗಾ!” ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ರೂತಮ್ಮಕ್ಕ — ಐವತ್ತು ದಾಟಿದ ಮೇಲೆ ಸಂಡೇ ಸ್ಕೂಲಿನ ಮಕ್ಕಳ ಪಕ್ಕ ಕೂತು ಅಕ್ಷರ ಕಲಿಯುತ್ತಿದ್ದವರು — ಸೆರಗಿನ ಅಂಚು ನೋಡುತ್ತಾ ಕೂತಿದ್ದರು. ಮುಂದಿನ ವಾರದಿಂದ ಪಾಠಕ್ಕೆ ಬರಲಿಲ್ಲ. ಕಣ್ಣು ಮಂಜಂತೆ, ಅಂದರು ಯಾರೋ. ನಿಜವಾದ ಕಾರಣ ನನಗೆ ಗೊತ್ತಿತ್ತು. ಆದರೂ ಮೂರು ವರ್ಷ —

ಕಳೆದ ವಾರ ಟೀ ಲೋಟ ಹಿಡಿದುಕೊಂಡೇ ಅವರಿಗೆ ಹೇಳಿದೆ.

“ಅವತ್ತೇ ಗೊತ್ತಾಯ್ತು ಬಿಡೋ. ಕಾಯಿ ದೇವ್ರಿಗೇ ತಾನೇ ಹೋಗಿದ್ದು.” ನಾಲ್ಕು ಲೋಟ ತೊಳೆದಿಟ್ಟ ಮೇಲೆ ಮತ್ತೆ ಅಂದರು: “ಆದ್ರೆ ಬರ್ದಿದ್ದು ಈ ಅಕ್ಕ ಅಂತ ನೀನು ಹೇಳ್ಬೇಕಿತ್ತು ಕಣಪ್ಪ. ತಪ್ಪೋ ಸರೀನೋ... ನಾನ್ ಬರ್ದಿದ್ ಮೊದಲ್ನೇ ಮಾತು ಅದು.”

ಯಾವ ಪ್ರಥಮ ಫಲ ಕದ್ದೆ ಅಂತ ಆಗ ತಿಳಿಯಿತು.

ಈ ಭಾನುವಾರ ಮತ್ತೆ ಸುಗ್ಗಿ ಹಬ್ಬ. ಅವತ್ತು ನಕ್ಕವರೆಲ್ಲ ದಯವಿಟ್ಟು ಬನ್ನಿ. ಅದೇ ಜಾಗದಲ್ಲಿ ಬರಿಗೈಯಲ್ಲಿ ನಿಲ್ಲುತ್ತೇನೆ. ಬರೆದವರ ಹೆಸರು ಹೇಳುತ್ತೇನೆ. ಆಮೇಲೆ ಆ ಮಾತನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ — ಅವರು ಬರೆದ ಹಾಗೇ, ಆ ಒತ್ತು ಇಲ್ಲದೆ.