ಖಾಲಿ ಸಾಲು ಹಾಕುವ ಸಾಲಕ್ಕ

ಊರು ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಅಡುಗೆಮನೆಯಲ್ಲಿ ಮಾತ್ರ ಆಗಲೇ ನಡುಹಗಲಿನ ಗದ್ದಲ. ಒಂದು ಒಲೆಯಲ್ಲಿ ಹಾಲು ಉಕ್ಕಲು ಹೊಂಚು ಹಾಕುತ್ತಿದೆ. ಇನ್ನೊಂದರಲ್ಲಿ ಮೊಟ್ಟೆಗಳು ಕುದಿನೀರಿನಲ್ಲಿ ಒಂದಕ್ಕೊಂದು ಢಿಕ್ಕಿ ಹೊಡೆದು ಜಗಳಕ್ಕೆ ಬಿದ್ದಿವೆ. ಮೂಲೆಯ ಗಾಜಿನ ಗೂಡಿನೊಳಗೆ, ಆವಿಗೆ ಮಂಜಾದ ಕಂಪ್ಯೂಟರ್ ಪರದೆಯನ್ನು ತೋಳಿನಿಂದ ಒರೆಸುತ್ತ ಒಬ್ಬ ಹೆಂಗಸು ಕುಳಿತಿದ್ದಾರೆ. ಬಲ ಮಣಿಕಟ್ಟಿಗೆ ಪಟ್ಟಿ, ಕಣ್ಣೆದುರಿಗೂ ಪಟ್ಟಿ. ಕೈಯದು ನೋವಿನದು, ಕಣ್ಣೆದುರಿನದು ರೋಗಿಗಳದು: ಹೆಸರು, ಹಾಸಿಗೆ, ಪಥ್ಯ. ಉಪ್ಪಿಲ್ಲದ್ದು, ಸಕ್ಕರೆಯಿಲ್ಲದ್ದು, ಮೆತ್ತಗಿನದು, ಬರೀ ತಿಳಿ.

"ನೋಡಿ, ಟಿಕೆಟ್ ಕೌಂಟರ್ ಮುಂದೆ ನಿಂತಂಗೆ ಹೇಗೆ ಒತ್ತಿಕೊಂಡು ನಿಂತಿದ್ದಾರೆ. ಒಬ್ಬರ ಗಲ್ಲ ಇನ್ನೊಬ್ಬರ ತಲೆ ಮೇಲೆ. ಇವರ ನಡುವೆ ಒಂದೊಂದು ಖಾಲಿ ಸಾಲು ಹಾಕ್ಬೇಕು. ಅಷ್ಟೇ ನನ್ನ ಕೆಲಸ," ಎನ್ನುತ್ತಾರೆ.

ಅಡುಗೆಮನೆಯವರು ಅವರಿಗಿಟ್ಟ ಹೆಸರು ಸಾಲಕ್ಕ. ಹೊಸಬರು ಯಾರೋ ಬಡ್ಡಿ ವ್ಯವಹಾರದವರು ಇರಬೇಕೆಂದುಕೊಂಡು ಮೊದಲ ವಾರ ದೂರವೇ ಉಳಿಯುತ್ತಾರೆ. ಸಾಲ ಮಾಡಿದವರನ್ನು ಜಗತ್ತು ಹುಡುಕಿಕೊಂಡು ಹೋಗುತ್ತದೆ. ಸಾಲು ಮಾಡಿದವರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಖಾಲಿ ಸಾಲು ಯಾಕೆ ಬೇಕು? ಪಟ್ಟಿ ಅಚ್ಚಾಗಿ ಊಟದ ಗಾಡಿಯ ಜೊತೆ ವಾರ್ಡಿಗೆ ಹೋಗುತ್ತದೆ. ತಟ್ಟೆ ವಾಪಸು ತರುವಾಗ ಗಾಡಿ ತಳ್ಳುವವರು ಪ್ರತಿ ಹೆಸರಿನ ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಗೀಚುತ್ತಾರೆ: 'ಅರ್ಧ ಬಿಟ್ಟರು', 'ನುಂಗಲು ಕಷ್ಟ', 'ಹಾಲು ಬೇಡವಂತೆ, ವಾಂತಿ'. ಮೇಲಿನ ಕಚೇರಿಯಿಂದ ಬರುವ ಸ್ಪ್ರೆಡ್‌ಶೀಟಿನಲ್ಲಿ ಈ ಜಾಗವೇ ಇರುವುದಿಲ್ಲ. ಹಾಸಿಗೆಗಳು ಹತ್ತಿರ ಹತ್ತಿರ ಆರುನೂರು. ಒಂದೊಂದು ಹೆಸರಿನ ಹತ್ತಿರವೂ ಮೌಸ್ ಒತ್ತು, ಸಾಲು ಸೇರಿಸು ಎನ್ನು, ಕೆಳಗಿಳಿ, ಮತ್ತೆ ಒತ್ತು. ಒಂದು ಗಂಟೆಗೂ ಮೀರಿದ ಕೆಲಸ, ದಿನಾ, ವರ್ಷಗಟ್ಟಲೆ.

ಸಾಲಕ್ಕ ಇಲ್ಲಿಗೆ ಬಂದದ್ದು ತಟ್ಟೆ ತೊಳೆಯಲು. ಹಿಂದಿನ ಗುಮಾಸ್ತರು ಬಿಟ್ಟು ಹೋದಾಗ 'ಯಾರಿಗೆ ಟೈಪಿಂಗ್ ಬರುತ್ತೆ' ಎಂಬ ಪ್ರಶ್ನೆಗೆ ಸೋಪಿನ ಕೈ ಮೇಲೆತ್ತಿದ್ದೇ ತಪ್ಪಾಯಿತು, ಅಥವಾ ಒಪ್ಪಾಯಿತು. ಗಂಡ ಆಂಬುಲೆನ್ಸ್ ಚಾಲಕ, ರಾತ್ರಿ ಪಾಳಿ. ಅವರು ಮನೆಯೊಳಗೆ ಬರುವಾಗ ಇವರು ಹೊರಗೆ. "ನಮ್ಮ ಸಂಸಾರ ನಡೆಯೋದು ಹೊಸ್ತಿಲ ಮೇಲೇ," ಎಂದು ನಗುತ್ತಾರೆ.

ಮನೆಯಲ್ಲಿ ಅತ್ತೆ ಇದ್ದಾರೆ. ಅತ್ತೆಯ ಧ್ವನಿಯನ್ನು ಸಾಲಕ್ಕ ಮಾಡಿ ತೋರಿಸಿದರೆ ಪಕ್ಕದಲ್ಲಿ ತರಕಾರಿ ಹೆಚ್ಚುವವರ ಚಾಕು ನಿಲ್ಲುತ್ತದೆ. ಕತ್ತು ಕೊಂಚ ಓರೆ, ಕಣ್ಣು ಅರ್ಧ ಮುಚ್ಚಿ, ಮೂಗಿನಿಂದ ಬಂದ ರಾಗ: "ಅಲ್ಲಮ್ಮಾ, ತುಂಬಿದ ಸಾಲಿಗೆ ಸಂಬಳ ಕೊಡೋದು ಕೇಳಿದ್ದೆ. ಖಾಲಿ ಸಾಲಿಗೂ ಕೊಡ್ತಾರಾ? ಹಂಗಾದ್ರೆ ನಾನು ಇಡೀ ದಿನ ಸುಮ್ನೆ ಕೂತಿರ್ತೀನಲ್ಲ, ನನಗೂ ಒಂದು ಅರ್ಜಿ ಹಾಕು."

ನಗು ನಿಂತ ಮೇಲೆ ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ಒತ್ತಿಕೊಳ್ಳುತ್ತಾರೆ. ಹೋದ ವರ್ಷ ಹೆಬ್ಬೆರಳು ಜೋಮು ಹಿಡಿಯಲು ಶುರುವಾಯಿತು. ಆಮೇಲೆ ಬಾಟಲಿ ಮುಚ್ಚಳ ತಿರುಗಿಸಲು ಆಗದಂತಾಯಿತು. ಮೂಳೆ ಡಾಕ್ಟರು ಹೇಳಿದ್ದು ಎರಡೇ ಮಾತು: ಕೈಗೆ ಎರಡು ತಿಂಗಳು ವಿಶ್ರಾಂತಿ, ಇಲ್ಲದಿದ್ದರೆ ಚಾಕು. ಸಾಲಕ್ಕನದು ವರ್ಷ ವರ್ಷಕ್ಕೆ ಮುಂದುವರಿಸುವ ಗುತ್ತಿಗೆ ಕೆಲಸ. ಎರಡು ತಿಂಗಳು ರಜೆ ಎಂದರೆ ಆ ಕುರ್ಚಿಯಲ್ಲಿ ಬೇರೆಯವರು. ರಜೆ ಇಲ್ಲ ಎಂದರೆ ಕೈ ಇಲ್ಲ. "ಕೈ ಉಳಿಸಿದ್ರೆ ಕೆಲಸ ಹೋಗುತ್ತೆ, ಕೆಲಸ ಉಳಿಸಿದ್ರೆ ಕೈ ಹೋಗುತ್ತೆ. ಹಿಂಗೆ ಸಿಕ್ಕಾಕೊಂಡಿದ್ದೆ."

ಆಗಲೇ ಅವರು ಫೋನಿನಲ್ಲಿ ವಿಡಿಯೋ ನೋಡಲು ಶುರುಮಾಡಿದ್ದು. ಇಂಥ ಕೆಲಸಕ್ಕೆ ಮ್ಯಾಕ್ರೋ ಎಂಬುದೊಂದಿದೆ, ಒಮ್ಮೆ ಕಲಿಸಿಕೊಟ್ಟರೆ ನಾವು ಮಾಡಿದ್ದನ್ನೇ ಕಂಪ್ಯೂಟರು ತಾನಾಗಿ ಮಾಡುತ್ತದೆ ಎಂದು ಗೊತ್ತಾಯಿತು. "ಅಯ್ಯೋ, ಇದೂ ನನ್ನಂಗೇ ಮಿಮಿಕ್ರಿ ಜಾತಿ ಅಂತ ಖುಷಿಯಾಯ್ತು!" ವಾರಗಟ್ಟಲೆ ತಿಣುಕಿ, ವಿಡಿಯೋ ನಿಲ್ಲಿಸಿ, ಹಿಂದೆ ಎಳೆದು, ಮತ್ತೆ ನೋಡಿ, ಆಜ್ಞೆ ಬರೆದರು: ಮೊದಲ ಸಾಲಿನಿಂದ ಶುರು ಮಾಡು, ಪ್ರತಿ ಸಾಲಿನ ಕೆಳಗೂ ಒಂದು ಖಾಲಿ ಸಾಲು ಹಾಕುತ್ತ ಕೆಳಗಿಳಿ.

ಕಂಪ್ಯೂಟರು ಅಕ್ಷರಶಃ ಹಾಗೇ ಮಾಡಿತು. ಮೊದಲ ರೋಗಿಯ ಕೆಳಗೆ ಖಾಲಿ ಸಾಲು ಹಾಕಿ, ಒಂದು ಹೆಜ್ಜೆ ಕೆಳಗಿಳಿಯಿತು. ಅಲ್ಲಿ ಇದ್ದದ್ದು ಎರಡನೇ ರೋಗಿಯಲ್ಲ, ತಾನೇ ಈಗಷ್ಟೇ ಹಾಕಿದ ಖಾಲಿ ಸಾಲು. ಅದನ್ನೇ ಇನ್ನೊಬ್ಬ ರೋಗಿ ಎಂದು ತಿಳಿದು ಅದರ ಕೆಳಗೂ ಒಂದು ಖಾಲಿ ಹಾಕಿತು. ಮತ್ತೆ ಇಳಿಯಿತು, ಮತ್ತೆ ಹಾಕಿತು. ಆರುನೂರು ಖಾಲಿ ಸಾಲುಗಳೂ ಮೊದಲ ಹಾಸಿಗೆಯ ನಿವೃತ್ತ ಮೇಷ್ಟರ ಕೆಳಗೇ ಬಂದು ಕುಳಿತವು. ಉಳಿದವರೆಲ್ಲ ಮೈಲಿ ದೂರದಲ್ಲಿ, ಮೊದಲಿನಂತೆಯೇ ಒತ್ತಿಕೊಂಡು ನಿಂತಿದ್ದರು. ಖುಷಿಯ ಭರದಲ್ಲಿ ಸಾಲಕ್ಕ ಪರದೆಯ ಮೇಲಿನ ತುದಿಯನ್ನಷ್ಟೇ ನೋಡಿ, ಅಚ್ಚು ಒತ್ತಿ, ಚಹಾಕ್ಕೆ ಹೋದರು. ಬಂದು ನೋಡಿದರೆ ಪ್ರಿಂಟರು ಬರೀ ಗೆರೆಯ ಹಾಳೆಗಳನ್ನು ಉಗುಳುತ್ತಿದೆ, ಗಾಡಿಗಳು ಬಾಗಿಲಲ್ಲಿ ಕಾಯುತ್ತಿವೆ. ಗಡಿಬಿಡಿಯಲ್ಲಿ ಒಂದು ಕಟ್ಟು ಹಾಳೆ ಮೇಷ್ಟರ ವಾರ್ಡಿಗೂ ಹೋಯಿತು.

"ಅವರು ಕನ್ನಡಕ ಹಾಕ್ಕೊಂಡು ಎಲ್ಲ ಹಾಳೆ ತಿರುವಿ ನೋಡಿ, 'ನನ್ನ ಮೇಲೆ ಇಷ್ಟೊಂದು ದೂರು ಇದೆಯೇನಮ್ಮಾ?' ಅಂದ್ರಂತೆ."

ಈಗ ನಗು ಬರುತ್ತದೆ. ಅಂದು ಬರಲಿಲ್ಲ. ಸಕ್ಕರೆ ಕಾಯಿಲೆಯವರು ಸೂಜಿ ಚುಚ್ಚಿಸಿಕೊಂಡು ತಿಂಡಿಗೆ ಕಾಯುತ್ತಿದ್ದರು. ತಡವಾದರೆ ತಲೆ ತಿರುಗಿ ಬೀಳುವವರು. ದಾದಿಯರು ನೆಲಮಾಳಿಗೆಗೆ ಇಳಿದು ಬಂದು ತಾವೇ ಹಾಲು, ಬ್ರೆಡ್ಡು ಹೊತ್ತುಕೊಂಡು ಓಡಿದರು. ಯಾರಿಗೂ ಏನೂ ಆಗಲಿಲ್ಲ. "ಆಗಿದ್ದಿದ್ರೆ?" ಎಂದು ಸಾಲಕ್ಕ ಈಗಲೂ ಅರ್ಧಕ್ಕೇ ನಿಲ್ಲಿಸುತ್ತಾರೆ.

ಅಡುಗೆಮನೆಯ ಮೇಲ್ವಿಚಾರಕಿಯನ್ನು ಎಲ್ಲರೂ ಕರೆಯುವುದು ಮೇಡಂ ಎಂದೇ. ಮಾತು ಕಡಿಮೆ, ಆಡಿದರೆ ಒಗ್ಗರಣೆ. ಅಂದು ಅವರು ಹೇಳಿದ್ದನ್ನು ಸಾಲಕ್ಕ ಸೊಂಟಕ್ಕೆ ಕೈಯಿಟ್ಟು, ಧ್ವನಿ ದಪ್ಪ ಮಾಡಿ ಒಪ್ಪಿಸುತ್ತಾರೆ: "ನೋಡಮ್ಮ, ಕಂಪ್ಯೂಟರನ್ನ ಬೆರಳಿಂದ ಮುಟ್ಟು, ಬುದ್ಧಿಯಿಂದ ಮುಟ್ಬೇಡ. ಇನ್ನೊಂದ್ಸಲ ಹಿಂಗಾದ್ರೆ ಮುಂದಿನ ವರ್ಷದ ಕಾಗದಕ್ಕೆ ನನ್ನ ಸಹಿ ಕೇಳ್ಬೇಡ."

ಮತ್ತೆ ಮೌಸು, ಮತ್ತೆ ಮಣಿಕಟ್ಟು. ಗುತ್ತಿಗೆ ಮುಗಿಯಲು ತಿಂಗಳೂ ಉಳಿದಿರಲಿಲ್ಲ. ರಾತ್ರಿ ಕೈ ದಿಂಬಿನ ಮೇಲಿಟ್ಟುಕೊಂಡು ಮಲಗುವಂತಾಯಿತು. ಅಣಕಿಸುವ ಅತ್ತೆಯೇ ಒಂದು ಬೆಳಿಗ್ಗೆ ಬುತ್ತಿ ಡಬ್ಬಿಯ ಮುಚ್ಚಳ ಸಡಿಲ ಮಾಡಿ ಕೊಟ್ಟರು, ಮಾತಾಡಲಿಲ್ಲ. "ಅವರು ಬೈದಿದ್ರೆ ತಡಕೊಳ್ತಿದ್ದೆ. ಸುಮ್ನಿದ್ರಲ್ಲ, ಅದಕ್ಕೇ ಅಳು ಬಂತು."

ದಾರಿ ತೋರಿಸಿದವರು ಗಾಡಿ ಮಾವ. ಹೆಸರಿಗೆ ತಕ್ಕಂತೆ ಊಟದ ಗಾಡಿ ತಳ್ಳುವ ಹಿರಿಯರು, ಎಲ್ಲರಿಗೂ ಮಾವ. ಅವರ ಗಾಡಿ ಆಳೆತ್ತರದ ಕಬ್ಬಿಣದ ಗೂಡು; ಒಳಗೆ ಮೇಲಿಂದ ಕೆಳಗಿನವರೆಗೆ ತಟ್ಟೆ ಜಾರಿಸುವ ಹಳಿಗಳು. ತೊಳೆಯುವವರು ತಟ್ಟೆಗಳನ್ನೆಲ್ಲ ಮೇಲಿನರ್ಧದಲ್ಲೇ ಒತ್ತೊತ್ತಾಗಿ ತುರುಕಿರುತ್ತಾರೆ. ಮುಚ್ಚಳದ ಬಟ್ಟಲು ಇಡಬೇಕೆಂದರೆ ಎರಡು ತಟ್ಟೆಗಳ ನಡುವೆ ಒಂದು ಹಳಿ ಖಾಲಿ ಬೇಕು. ಒಂದು ಬೆಳಿಗ್ಗೆ ಹೊಸದಾಗಿ ಸೇರಿದ ಸಹಾಯಕಿ ಮೇಲಿನ ತಟ್ಟೆಗೆ ಕೈಹಾಕಿ ಒದ್ದಾಡುತ್ತಿದ್ದರು.

"ಏನ್ ತಾಯಿ, ಮೇಲಿನೋನನ್ನ ಮೊದಲು ಇಳಿಸಿದ್ರೆ ಎಲ್ಲಿ ಕೂರ್ತಾನೆ? ಕೆಳಗಿನೋನ ತಲೆ ಮೇಲಾ?" ಎಂದರು ಗಾಡಿ ಮಾವ. "ಕಟ್ಟಕಡೆಯವನನ್ನ ಮೊದಲು ತಳಕ್ಕೆ ಇಳಿಸು. ಆಮೇಲೆ ಅವನ ಮೇಲಿನೋನು. ಹಂಗೇ ಮೇಲಕ್ಕೆ ಹೋಗು. ಯಾರಿಗೂ ಯಾರೂ ತಾಗಲ್ಲ."

ಗಾಜಿನ ಗೂಡಿನಲ್ಲಿ ಸಾಲಕ್ಕನ ಕೈ ಮೌಸಿನ ಮೇಲೆ ನಿಂತೇಹೋಯಿತು. ಕಡೆಯಿಂದ ಶುರು ಮಾಡಿದರೆ ಹೊಸ ಖಾಲಿ ಸಾಲು ತಳ್ಳುವುದು ಕೆಳಗಿನವರನ್ನು, ಕೆಲಸ ಮುಗಿದವರನ್ನು. ಮೇಲಿನವರು ಇದ್ದಲ್ಲೇ ಇರುತ್ತಾರೆ. ಕಂಪ್ಯೂಟರು ತಾನು ಹಾಕಿದ ಖಾಲಿಯನ್ನು ತಾನೇ ಎಡವುವುದಿಲ್ಲ.

ಅಂದು ಪಾಳಿ ಮುಗಿದ ಮೇಲೆ ಹಳೆಯ ಪಟ್ಟಿಯೊಂದರ ನಕಲಿನ ಮೇಲೆ ಪ್ರಯತ್ನಿಸಿದರು. ಆಜ್ಞೆಯಲ್ಲಿ ಬದಲಾದದ್ದು ಇಷ್ಟೇ: ಕೊನೆಯ ಹೆಸರಿನಿಂದ ಹೊರಡು, ಹೆಸರಿನ ಮೇಲ್ಗಡೆ ಖಾಲಿ ಸಾಲು ಹಾಕುತ್ತ ಮೇಲಕ್ಕೆ ಹತ್ತು. ಕಣ್ಣು ಮಿಟುಕಿಸುವುದರಲ್ಲಿ ಆರುನೂರು ಹೆಸರುಗಳು ದೂರ ಸರಿದು ನಿಂತವು. ಈ ಸಲ ಚಹಾಕ್ಕೆ ಹೋಗಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ನೋಡಿದರು, ಅಚ್ಚು ಹಾಕಿ ಮತ್ತೆ ನೋಡಿದರು, ಆಮೇಲೆ ಹಾಳೆಗಳನ್ನು ಎದೆಗೊತ್ತಿಕೊಂಡು ಮೇಡಂ ಮುಂದೆ ನಿಂತರು.

"ಬುದ್ಧಿಯಿಂದ ಮುಟ್ಟಿಬಿಟ್ಟೆ ಮೇಡಂ."

ಮೇಡಂ ಹಾಳೆ ತಿರುವಿದರು. ಮುಖದಲ್ಲಿ ಉಪ್ಪೂ ಇಲ್ಲ, ಖಾರವೂ ಇಲ್ಲ. "ಸರಿ. ಈಗ ಇದು ಒಂದು ನಿಮಿಷದ ಕೆಲಸ. ಉಳಿದ ಗಂಟೆಗೆ ನಿನಗೆ ಯಾಕೆ ಸಂಬಳ ಕೊಡ್ಬೇಕು ಅಂತ ಮೇಲಿನವರು ಕೇಳಿದ್ರೆ?"

ಕೈ ಉಳಿಸುವ ಭರದಲ್ಲಿ ಕೆಲಸವನ್ನೇ ಕಳೆದುಕೊಂಡೆನೇನೋ ಎಂದುಕೊಂಡರು ಸಾಲಕ್ಕ. ಮೂಲೆಯಲ್ಲಿ ರದ್ದಿಗೆ ಹೊರಟಿದ್ದ ಹಿಂದಿನ ದಿನಗಳ ಪಟ್ಟಿಗಳನ್ನು ತೋರಿಸಿದರು. "ಅದರಲ್ಲಿ ಗಾಡಿಯವರು ಬರೆದಿದ್ದನ್ನ ಯಾರೂ ಓದಲ್ಲ ಮೇಡಂ. ನಾನು ಓದ್ಲಾ?"

ಮೇಡಂ ಎದ್ದು ಹೋಗಿ ಒಂದು ಹಾಳೆ ಎತ್ತಿಕೊಂಡರು. 'ನುಂಗಲು ಕಷ್ಟ' ಎಂದು ಪೆನ್ಸಿಲ್ಲಿನಲ್ಲಿತ್ತು. ಅದರ ಹಿಂದಿನ ದಿನದ ಹಾಳೆಯಲ್ಲೂ, ಅದೇ ಹಾಸಿಗೆಗೆ, ಅದೇ ಮಾತು. ಮೂರನೆಯದರಲ್ಲೂ. ಅಲ್ಲಿಯವರೆಗೂ ಆ ಹಾಸಿಗೆಗೆ ಗಟ್ಟಿ ಬ್ರೆಡ್ಡೇ ಹೋಗುತ್ತಿತ್ತು.

"ಜಾಗ ಮಾಡೋಕೆ ದಿನಾ ಒಂದು ಗಂಟೆ ಕೊಟ್ವಿ," ಎಂದರು ಮೇಡಂ, ಯಾರಿಗೆಂದಿಲ್ಲದೆ. "ತುಂಬಿದ್ದನ್ನ ಓದೋಕೆ ಒಂದು ನಿಮಿಷ ಇಡ್ಲಿಲ್ಲ." ಮುಂದಿನ ವರ್ಷದ ಕಾಗದಕ್ಕೆ ಆ ವಾರವೇ ಸಹಿ ಬಿತ್ತು.

ಈಗ ಸಾಲಕ್ಕನ ಬೆಳಗಿನ ಗಂಟೆ ಹೋಗುವುದು ಪೆನ್ಸಿಲ್ ಗೀಚುಗಳನ್ನು ಓದಿ, ಆಯಾ ಹೆಸರಿನ ಮುಂದೆ ಎಡಗೈಯಿಂದ ನಿಧಾನವಾಗಿ ಟೈಪು ಮಾಡುವುದರಲ್ಲಿ. ಬಲಗೈಗೆ ಬಹುಮಟ್ಟಿಗೆ ಪಿಂಚಣಿ. ಪಟ್ಟಿ ಇನ್ನೂ ಬಿಚ್ಚಿಲ್ಲ, ಆದರೆ ಚಾಕುವಿನ ಮಾತನ್ನು ಡಾಕ್ಟರು ಸದ್ಯಕ್ಕೆ ಎತ್ತಿಲ್ಲ. ಗಾಡಿ ಮಾವನಿಗೆ ವಿಷಯ ತಿಳಿಸಿದಾಗ ಅವರು ತಲೆ ಕೆರೆದುಕೊಂಡರಂತೆ. "ನಾನು ತಟ್ಟೆ ಇಳಿಸಿದ್ದು ತಾಯಿ. ನಿನ್ನ ಕಂಪ್ಯೂಟರ್‌ಗೆ ಯಾವಾಗ ಪಾಠ ಮಾಡ್ದೆ?"

ಒಂದು ಕೊರತೆ ಮಾತ್ರ ಉಳಿದಿದೆ. ಸಾಲಕ್ಕ ಬರೆದ ಆಜ್ಞೆ ಹೆಸರು ಹೆಸರುಗಳ ನಡುವೆ ಜಾಗ ಮಾಡುತ್ತದೆ. ಪಟ್ಟಿಯ ಕಟ್ಟಕಡೆಯ ಹೆಸರಿನ ಕೆಳಗೆ ಖಾಲಿ ಸಾಲು ಬರುವುದಿಲ್ಲ. ಒಂದು ಮಾತು ಸೇರಿಸಿದರೆ ಸರಿಹೋಗುತ್ತದೆ, ಅದು ಅವರಿಗೂ ಗೊತ್ತು. ಆದರೆ ಪಟ್ಟಿಯ ಕಡೆಯಲ್ಲಿ ಬರುವುದು ಯಾವಾಗಲೂ ಆ ಮುಂಜಾನೆ ದಾಖಲಾದವರ ಹೆಸರು. ಏನಾಯಿತು ಎಂದು ಮನೆಯವರಿಗೂ ಇನ್ನೂ ಸರಿಯಾಗಿ ತಿಳಿಯದೆ, ಹೊಸ ಹಾಸಿಗೆಯ ಮೇಲೆ ಸೂರು ನೋಡುತ್ತ ಮಲಗಿರುವವರು.

ಪ್ರಿಂಟರು ಬೆಚ್ಚಗಾಗುತ್ತಿದೆ. ಸಾಲಕ್ಕ ಪಟ್ಟಿಯ ತಳಕ್ಕೆ ಹೋಗಿ, ಕೊನೆಯ ಹೆಸರನ್ನು ತುಟಿಯಲ್ಲೇ ಒಮ್ಮೆ ಓದಿ, ಪಟ್ಟಿ ಕಟ್ಟಿದ ಬಲಗೈಯನ್ನೇ ಮೌಸಿನ ಮೇಲಿಡುತ್ತಾರೆ. ಒಂದು ಸಲ ಒತ್ತುತ್ತಾರೆ. ಖಾಲಿ ಸಾಲು ತೆರೆದುಕೊಳ್ಳುತ್ತದೆ.

"ಮೊದಲ ದಿನ ಬಂದವರಿಗೆ ನಾನೇ ಕೈಯಾರೆ ಜಾಗ ಮಾಡಿಕೊಡ್ತೀನಿ," ಎನ್ನುತ್ತಾರೆ. "ನಾಳೆಯಿಂದ ಅವರೂ ಮಿಷನ್ ಪಾಲು."